ಅಮಾವಾಸ್ಯೆ ಭಾನುವಾರದ ಕರೆ

ಕತ್ತರಿಯನ್ನು ಪಾಲಮ್ಮನ ಕೈಗೇ ಕೊಟ್ಟರು.

“ನೀನೇ ಕತ್ತರಿಸವ್ವ,” ಅಂದ ಸಾವುಕಾರ ಚಿಕ್ಕಬಸಪ್ಪ. ದನಿಯಲ್ಲಿ ಸಿಟ್ಟಿರಲಿಲ್ಲ. ಪಂಕ್ತಿಯಲ್ಲಿ ಕೂತವರಿಗೆ ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳಿ ಅನ್ನುವ ಯಜಮಾನನ ದನಿ ಅದು. “ಮಗ್ಗ ನಂದು, ಹಾಸು ನಂದು. ಕಳ್ಳತನ ಒಂದೇ ನಿನ್ ಮಗಂದು. ಹೆತ್ತ ಕೈಲೇ ಆಗ್ಲಿ.”

ಪಾಲಮ್ಮ ಮಗ್ಗದ ಗುಂಡಿಯ ಅಂಚಿನಲ್ಲಿ ಕೂತಿದ್ದಳು. ಎದುರಿಗೆ ಉದ್ದಕ್ಕೆ ಬಿಗಿದ ಅರಿಶಿನ ಬಣ್ಣದ ರೇಷ್ಮೆ ಎಳೆಗಳ ಹಾಸು, ಎರಡೂ ಬದಿಗೆ ಕೆಂಪು ಅಂಚು. ಮೊಳದಷ್ಟು ನೇಯ್ದಾಗಿತ್ತು. ಮಗ ಓಬಳೇಶ ಲಾಳಿಯನ್ನು ಎಲ್ಲಿ ಬಿಟ್ಟು ಎದ್ದಿದ್ದನೋ ಅದು ಅಲ್ಲೇ ಬಿದ್ದಿತ್ತು.

ಸೀರೆ ಮುಗಿಯದೆ ಹಾಸು ಕತ್ತರಿಸುವುದೆಂದರೆ ನೇಯುವ ಮನೆಗೆ ಸೂತಕ. ಮೊಳಕಾಲ್ಮೂರಿನಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ನೋಡಲು ಬಾಗಿಲವರೆಗೆ ಬಂದಿದ್ದ ಹೆಂಗಸರು ಸೆರಗನ್ನು ಬಾಯಿಗಿಟ್ಟುಕೊಂಡು ಹಿಂದಕ್ಕೆ ಸರಿದರು.

“ಕತ್ತರಿ ಭಾರ ಆತೇನವ್ವ,” ಅಂದ ಚಿಕ್ಕಬಸಪ್ಪನ ಮಗ ಅಮರೇಶ. “ಹಿಡ್ಕಣ್ಲೇನು?”

“ಬ್ಯಾಡಪ್ಪ,” ಅಂದಳು ಪಾಲಮ್ಮ. ಕತ್ತರಿ ಹಾಕಿದಳು.

ಬಿಗಿದು ನಿಂತಿದ್ದ ಎಳೆಗಳು ಅವಳ ಮಡಿಲಿಗೆ ಬಂದು ಬಿದ್ದವು. ರೇಷ್ಮೆ ಬಿದ್ದರೆ ಸದ್ದಾಗುವುದಿಲ್ಲ. ಸದ್ದಾಗಿದ್ದು ಹಾಸನ್ನು ಹಿಂದಿನಿಂದ ಎಳೆದು ಹಿಡಿದಿದ್ದ ಕಲ್ಲು. ಅದು ದೊಪ್ಪನೆ ನೆಲಕ್ಕೆ ಕೂತಿತು.

ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದ, ಪಾಲಮ್ಮನ ಕೇರಿಯವನೇ ಆದ ಪೆದ್ದಣ್ಣ ಆ ಸದ್ದು ಮುಗಿಯುವವರೆಗೂ ಕಾದ. ಅರವತ್ತೆರಡು ವರ್ಷದ ಈ ಮುದುಕ ಓದಿದ್ದು ಮೂರನೆಯ ಕ್ಲಾಸು. ಮೂವತ್ತೆಂಟು ವರ್ಷ ಟೆಲಿಫೋನಿನ ಲೈನ್‌ಮ್ಯಾನ್. ಚಳ್ಳಕೆರೆಯಿಂದ ಮೊಳಕಾಲ್ಮೂರಿನವರೆಗೆ ಯಾವ ಕಂಬಕ್ಕೆ ಯಾವ ವರ್ಷ ಸಿಡಿಲು ಹೊಡೆಯಿತು ಅಂತ ಕೇಳಿದರೆ ಈಗಲೂ ಹೇಳುತ್ತಾನೆ.

“ಸಾವ್ಕಾರ್ರೆ, ಮೂರು ಗಂಟೆಗೆ ತೋರಿಸ್ತೀನಿ ಅಂದಿದ್ದೆ,” ಅಂದ. “ಮೂರಾತು.”

ಚಿಕ್ಕಬಸಪ್ಪ ಗಡಿಯಾರ ನೋಡಿಕೊಂಡ. “ಐದರ ತನಕ ಟೈಮು ಕೊಟ್ಟೀನಿ. ಐದಕ್ಕೆ ನಿಮ್ ಓಬಳೇಶ ಕದ್ದೆ ಅಂತ ಕಾಗದಕ್ಕೆ ರುಜು ಹಾಕ್ಬೇಕು. ಇಲ್ಲಾ ಇನ್ನೊಂದು ಕೈನೂ ಇಡ್ಬೇಕು. ಲಾಳಿ ಹೊಡಿಯಾಕೆ ಎರಡು ಕೈ ಬೇಕು ಪೆದ್ದಣ್ಣ. ಅವನದ್ದು ಇನ್ನೂ ಒಂದು ಉಳಿದೈತೆ.”

ಚಿಕ್ಕಬಸಪ್ಪನ ಕಂಪ್ಯೂಟರಿನಲ್ಲಿ ಕಾಪಾಡಿಟ್ಟಿದ್ದ ರುದ್ರಾಕ್ಷಿ ಅಂಚಿನ ಡಿಸೈನು ಹತ್ತೇ ದಿನದಲ್ಲಿ ಗಡಿಯಾಚೆಯ ಪವರ್‌ಲೂಮ್ ಸೀರೆಗಳ ಮೇಲೆ ಕಾಣಿಸಿಕೊಂಡಿತ್ತು. ಕಾರ್ತಿಕ ಅಮಾವಾಸ್ಯೆ ಭಾನುವಾರ ಹನ್ನೊಂದು ಇಪ್ಪತ್ತಕ್ಕೆ ಓಬಳೇಶನ ಹೆಸರಿನಲ್ಲಿ ಯಾರೋ ಒಳಗೆ ಬಂದರು ಎಂದು ಆ ಕಂಪ್ಯೂಟರೇ ಬರೆದುಕೊಂಡಿತ್ತು. ಸಾಕ್ಷಿ ಅಷ್ಟೇ.

ಅಷ್ಟಕ್ಕೇ ಮೊನ್ನೆಯಿಂದ ಓಬಳೇಶ ಗೋಡೌನಿನಲ್ಲಿದ್ದ. ಅವನ ಬಲಗೈಯ ಮೂರು ಬೆರಳು ಮಗ್ಗದ ಹಲಗೆಗೆ ಸಿಕ್ಕಿದ್ದವು. ಸಿಕ್ಕಿದ್ದಲ್ಲ, ಸಿಕ್ಕಿಸಿದ್ದು. ಪೊಲೀಸಿಗೆ ಹೋಗೋಣ ಅಂದರೆ ಪಾಲಮ್ಮ ಪೆದ್ದಣ್ಣನ ಕಾಲು ಹಿಡಿದಿದ್ದಳು. ‘ಕಳ್ಳ ಅಂತ ಕಂಪ್ಯೂಟರೇ ಬರ್ಕೊಂಡೈತಂತೆ. ನನ್ ಮಗನ್ನೇ ಒಳಗೆ ಹಾಕ್ತಾರೆ ಅಣ್ಣ.’

ಪೆದ್ದಣ್ಣ ಅಂಗಿಯ ಜೇಬಿನಿಂದ ನಾಲ್ಕಾಗಿ ಮಡಿಸಿದ ಕಾಗದ ತೆಗೆದ. ಅದರಲ್ಲಿ ಮೂರೇ ಸಾಲು. ನನ್ನ ಕಂಪ್ಯೂಟರಿನ ಬಾಗಿಲುಗಳನ್ನು ಪೆದ್ದಣ್ಣ ಮತ್ತು ಅವನ ಮೊಮ್ಮಗಳು ದಿವ್ಯಾ ತಟ್ಟಿ ನೋಡಲು ನನ್ನ ಒಪ್ಪಿಗೆ ಇದೆ. ಕೆಳಗೆ ಚಿಕ್ಕಬಸಪ್ಪನ ರುಜು.

“ಕಂಪ್ಯೂಟರ್ ತಟ್ಟಾಕೆ ಕಾಗದ,” ಅಂತ ನಕ್ಕ ಅಮರೇಶ. “ಮುದುಕಪ್ಪಂಗೆ ಕಂಬ ಹತ್ತಾಕಾಗಲ್ಲ, ಈಗ ಮೌಸ್ ಹತ್ತಾಕೆ ಬಂದಾನೆ.”

“ಹತ್ತಿದ್ಮೇಲೆ ಮೇಲಿಂದ ಎಲ್ಲಾ ಕಾಣ್ತೈತಪ್ಪ,” ಅಂದ ಪೆದ್ದಣ್ಣ.

*

ಈ ಬಾಗಿಲಿನ ವಿದ್ಯೆ ಅವನು ಕಲಿತದ್ದು ಆರೇ ದಿನದಲ್ಲಿ.

ದಿವ್ಯಾ ಅವನ ಸತ್ತ ಮಗಳ ಮಗಳು. ಮೂರು ವರ್ಷದವಳಿದ್ದಾಗಿನಿಂದ ಅವನೇ ಸಾಕಿದ್ದು. ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ ಚಳ್ಳಕೆರೆ ಬಸ್‌ಸ್ಟ್ಯಾಂಡಿನ ಹಿಂದೆ ಇಂಟರ್‌ನೆಟ್ ಅಂಗಡಿ ಇಟ್ಟಿದ್ದಳು. ಎರಡು ಫೋನು, ಮೂರು ಕಂಪ್ಯೂಟರು, ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡ ಒಂದು ಲ್ಯಾಪ್‌ಟಾಪು. ಆ ಲ್ಯಾಪ್‌ಟಾಪು ಅವಳ ಹೆಗಲ ಚೀಲ ಬಿಟ್ಟು ಇಳಿಯುತ್ತಿರಲಿಲ್ಲ. ಭಾನುವಾರಕ್ಕೊಮ್ಮೆ ಬಸ್ಸು ಹತ್ತಿ ಬಂದು ತಾತನಿಗೆ ಮುದ್ದೆ ಮಾಡಿಟ್ಟು ಹೋಗುತ್ತಿದ್ದಳು.

ಓಬಳೇಶನ ಮೇಲೆ ಗುಮಾನಿ ಬಂದ ಮರುದಿನವೇ ಪೆದ್ದಣ್ಣ ಮೊದಲ ಬಸ್ಸಿಗೆ ಹೋಗಿ ಅವಳ ಅಂಗಡಿಯ ಸ್ಟೂಲಿನ ಮೇಲೆ ಕೂತ.

“ಒಂದು ಕಂಪ್ಯೂಟರಿಗೆ ಒಂದೇ ಬಾಗಿಲು ಅಂದ್ಕಂಡೀಯ ತಾತ?”

“ಎಷ್ಟೈತೆ?”

“ಅರವತ್ತೈದು ಸಾವಿರ.”

“ಅದೇನ್ ಮನೇನೋ ಜೇನುಗೂಡೋ?”

“ಎಲ್ಲಾ ತೆಗ್ದಿರಲ್ಲ. ಹತ್ತೋ ಹದಿನೈದೋ ತೆಗ್ದಿರ್ತಾವೆ. ಒಂದೊಂದ್ರಾಗೆ ಒಬ್ಬೊಬ್ಬ ಆಳು ಕೂತಿರ್ತಾನೆ. ಇಪ್ಪತ್ತೊಂದನೇ ಬಾಗಿಲಾಗೆ ಫೈಲು ಹೊರೋನು. ಇಪ್ಪತ್ಮೂರ್ರಾಗೆ ದೂರದಿಂದ ಬಂದೋರನ್ನ ಒಳಗೆ ಕರ್ಕಂಡು ಕೂರ್ಸೋನು. ಇಪ್ಪತ್ತೈದ್ರಾಗೆ ಟಪಾಲಿನೋನು.”

ಅವಳು ಅಂಗಡಿಯ ಒಂದು ಕಂಪ್ಯೂಟರಿಗೂ ತನ್ನ ಲ್ಯಾಪ್‌ಟಾಪಿಗೂ ವೈರು ಕಟ್ಟಿ ಒಂದನ್ನು ಮನೆ ಮಾಡಿದಳು, ಇನ್ನೊಂದನ್ನು ಬಂದವನನ್ನಾಗಿ ಮಾಡಿದಳು. ಪೆದ್ದಣ್ಣ ಒಂದೇ ಬೆರಳಲ್ಲಿ ಒತ್ತಿದ. ಪರದೆಯ ಮೇಲೆ ಒಂದು ಸಾಲು ಬಂತು.

“ಏನಂತಾನೆ?”

“ತನ್ ಹೆಸರು ಹೇಳ್ತಾನೆ, ತನ್ ವಯಸ್ಸು ಹೇಳ್ತಾನೆ. ಯಾರೂ ಕೇಳ್ದೇನೇ. ವಯಸ್ಸಾದೋನಾದ್ರೆ ಅವನ ಹಳೇ ಚಾಳಿ ಊರಿಗೆಲ್ಲ ಗೊತ್ತಿರ್ತೈತೆ. ಅದನ್ನೇ ಹಿಡ್ದು ಒಳಗೆ ಹೋಗ್ಬೋದು.”

“ವಯಸ್ಸಾದೋರ್ನ ಕಂಡ್ರೆ ಎಲ್ಲಾರ್ಗೂ ಸಸಾರ,” ಅಂದ ಪೆದ್ದಣ್ಣ.

ದಿವ್ಯಾ ನಕ್ಕಳು. ಆಮೇಲೆ ಟಪಾಲಿನವನನ್ನು ಕೇಳುವುದು ಹೇಗೆ ಅಂತ ತೋರಿಸಿದಳು. ಇಂಥವರು ಈ ಮನೆಯಲ್ಲಿ ಇದ್ದಾರಾ ಅಂದರೆ ಅವನು ಇದ್ದಾರೆ ಇಲ್ಲ ಅಂತ ನಿಜ ಹೇಳಿಬಿಡುತ್ತಿದ್ದ. ಹೆಸರು ಸಿಕ್ಕಿತು ಅಂದರೆ ಅರ್ಧ ಬೀಗ ತೆಗೆದ ಹಾಗೆ. ಇನ್ನರ್ಧ ಪಾಸ್‌ವರ್ಡು. ಅದನ್ನು ಜನ ತಮ್ಮ ಹೆಸರನ್ನೋ ಮನೆದೇವರ ಹೆಸರನ್ನೋ ಇಟ್ಟು ನಿದ್ದೆ ಮಾಡುತ್ತಾರೆ.

ಪೆದ್ದಣ್ಣನಿಗೆ ಇದು ಹೊಸದು ಅನ್ನಿಸಲಿಲ್ಲ. ರಸ್ತೆ ಬದಿಯ ಕಬ್ಬಿಣದ ಪೆಟ್ಟಿಗೆ ತೆರೆದು, ನೂರು ಜೊತೆ ತಂತಿಯಲ್ಲಿ ಒಂದೊಂದಕ್ಕೂ ಟೆಸ್ಟ್ ಫೋನು ಕಚ್ಚಿಸಿ, ಯಾವುದು ಜೀವಂತ ಯಾವುದು ಸತ್ತದ್ದು ಅಂತ ಕೇಳುತ್ತ ಕೂತವನು ಅವನು. ಕ್ಯಾಲೆಂಡರ್ ಹಾಳೆಯ ಹಿಂದೆ ಬಾಗಿಲ ನಂಬರು ಬರೆದುಕೊಂಡ. ಮೂರನೆಯ ದಿನಕ್ಕೆ ಹಾಳೆ ನೋಡುವುದು ಬಿಟ್ಟ.

“ಒಂದು ಮಾತು ನೆನಪಿಟ್ಕ,” ಅಂದಿದ್ದಳು ಅವಳು. “ಒಡೇರ ಒಪ್ಪಿಗೆ ಇಲ್ದಂಗೆ ಒಂದು ಬಾಗಿಲ್ನೂ ತಟ್ಬಾರ್ದು. ಸುಮ್ನೆ ನೋಡಾಣ ಅಂತ ತಟ್ಟಿದ್ರೂ ಕಳ್ಳತನಾನೇ. ಕಾಗದದ ಮೇಲೆ ಬರ್ಸ್ಕಂಡು ಬಾ.”

“ನಿಂಗೆ ಇದ್ನೆಲ್ಲ ಯಾರು ಕಲಿಸಿದ್ರವ್ವ?”

ದಿವ್ಯಾ ವೈರು ಬಿಚ್ಚುತ್ತಿದ್ದಳು. ತಲೆ ಎತ್ತಲಿಲ್ಲ. “ಯಾರೂ ಇಲ್ಲ. ಹಂಗೇ ಓದ್ಕಂಡು. ತಟ್ಟಿ ತಟ್ಟಿ.”

*

ಚಿಕ್ಕಬಸಪ್ಪನ ಡಿಸೈನ್ ಸೆಂಟರು ಅಂದರೆ ಗೋಡೌನಿನ ಮುಂದಿನ ಒಂದೇ ಕೋಣೆ. ಗೋಡೆಗೆ ಗ್ರಾಫ್ ಹಾಳೆಗಳು, ಮೂಲೆಯಲ್ಲಿ ಮಗ್ಗಕ್ಕೆ ಡಿಸೈನು ಹೇಳುವ ತೂತು ಹೊಡೆದ ರಟ್ಟುಗಳ ರಾಶಿ, ಮೇಜಿನ ಮೇಲೆ ಕಂಪ್ಯೂಟರು. ಮಗ್ಗಕ್ಕೆ ಇಡುವ ಹಾಗೆ ಅದಕ್ಕೂ ಅರಿಶಿನ ಕುಂಕುಮ ಇಟ್ಟಿದ್ದರು.

ಅಮಾವಾಸ್ಯೆಯ ದಿನ ಮೊಳಕಾಲ್ಮೂರಿನಲ್ಲಿ ಮಗ್ಗ ಮುಟ್ಟುವುದಿಲ್ಲ. ಪೂಜೆ ಮಾಡಿ, ಮೇಲೆ ಬಟ್ಟೆ ಮುಚ್ಚಿ, ಗುಂಡಿಯಿಂದ ಎದ್ದು ಬರುತ್ತಾರೆ. ಈ ಕಂಪ್ಯೂಟರಿಗೂ ಅದೇ ಮರ್ಯಾದೆ. ಅದೂ ರಟ್ಟು ಹೊಡೆಯುವ ಮಗ್ಗವೇ ತಾನೆ ಅಂತ ಬಟ್ಟೆ ಮುಚ್ಚಿ, ಕೋಣೆಗೆ ಬೀಗ ಹಾಕಿ ಹೋಗುತ್ತಿದ್ದರು. ಬಟ್ಟೆ ಮುಚ್ಚಿದರೆ ಮಗ್ಗ ಮಲಗುತ್ತದೆ. ಕಂಪ್ಯೂಟರು ಮಲಗುವುದಿಲ್ಲ, ಸ್ವಿಚ್ಚು ತೆಗೆಯಬೇಕು ಅನ್ನುವುದು ಯಾರ ತಲೆಗೂ ಹೊಳೆದಿರಲಿಲ್ಲ. ಬಟ್ಟೆಯ ಕೆಳಗೆ ಅದು ಎಲ್ಲ ಬಾಗಿಲು ತೆರೆದುಕೊಂಡು ಎಚ್ಚರವಾಗಿಯೇ ಇತ್ತು.

ಓಬಳೇಶನನ್ನು ಗೋಡೌನಿನಿಂದ ತಂದು ನೆಲಕ್ಕೆ ಕೂರಿಸಿದರು. ಬಲಗೈಗೆ ಟವೆಲ್ಲಿನ ಚೂರು ಸುತ್ತಿತ್ತು. ಪಾಲಮ್ಮ ಅವನ ಪಕ್ಕ ಕೂತು ಆ ಕೈಯನ್ನು ತನ್ನ ಮಡಿಲಿಗೆ ಎತ್ತಿಟ್ಟುಕೊಂಡಳು. ಕತ್ತರಿಸಿದ ಎಳೆಗಳು ಇನ್ನೂ ಅವಳ ಸೀರೆಗೆ ಅಂಟಿಕೊಂಡಿದ್ದವು.

“ಹಸಿವೇನ್ಲಾ?” ಅಂತ ಕೇಳಿದಳು ಮಗನನ್ನು.

“ಇಲ್ಲವ್ವ.”

“ಅವನಿಗೆ ಎರಡು ಹೊತ್ತೂ ಊಟ ಕೊಟ್ಟೀವಿ,” ಅಂದ ಚಿಕ್ಕಬಸಪ್ಪ ನೊಂದವನ ಹಾಗೆ. “ಎಡಗೈಲಿ ಉಂಡ.”

ಆ ಕೋಣೆಗೆ ಎರಡು ಫೋನ್ ಲೈನು. ಒಂದು ಮಾತಾಡುವುದಕ್ಕೆ. ಇನ್ನೊಂದು ಕಂಪ್ಯೂಟರಿಗೇ ಜೋಡಿಸಿದ್ದು, ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಕೂತೇ ಅಮರೇಶ ಇಲ್ಲಿನ ಡಿಸೈನು ನೋಡಲಿ ಅಂತ. ಪೆದ್ದಣ್ಣ ಮಾತಿನ ಫೋನಿನಿಂದ ದಿವ್ಯಾಳಿಗೆ ಮಾಡಿ ಸ್ಪೀಕರ್ ಒತ್ತಿದ.

“ಎಲ್ಲಾರೂ ಅದಾರೆ ಕಣವ್ವ. ಶುರು ಮಾಡು.”

“ಎರಡನೇ ಲೈನಿಗೆ ಮಾಡ್ತಿದೀನಿ ತಾತ,” ಅಂದಿತು ದಿವ್ಯಾಳ ದನಿ. ಕಂಪ್ಯೂಟರಿನ ಪಕ್ಕದ ಮೋಡೆಮ್ಮು ಕೀರಲು ದನಿಯಲ್ಲಿ ಕೂಗಿ ಸುಮ್ಮನಾಯಿತು. “ಎತ್ಕಂತು. ಈಗ ಬಾಗಿಲು ತಟ್ತೀನಿ. ಇಪ್ಪತ್ತೊಂದು ತೆಗ್ದೈತೆ. ಇಪ್ಪತ್ಮೂರು ತೆಗ್ದೈತೆ. ಇಪ್ಪತ್ತೈದು ತೆಗ್ದೈತೆ. ಇವು ಯಾವೂ ಬೇಕಾಗೇ ಇರ್ಲಿಲ್ಲ. ಕಂಪ್ಯೂಟರು ತಂದ ದಿನ ಹೆಂಗಿದ್ವೋ ಹಂಗೇ ಬಿಟ್ಟಾರೆ.”

ಅಮರೇಶ ಕಾಲು ಅಲ್ಲಾಡಿಸುತ್ತಿದ್ದುದನ್ನು ನಿಲ್ಲಿಸಿದ.

“ಟಪಾಲಿನೋನ್ನ ಕೇಳು,” ಅಂದ ಪೆದ್ದಣ್ಣ. “ಒಳಗೆ ಯಾರ್ಯಾರದಾರೆ?”

“ಅಮರೇಶ ಇದ್ದಾನಾ ಅಂದೆ. ಇದ್ದಾನಂತೆ. ಓಬಳೇಶ ಇದ್ದಾನಂತೆ. ಸುಮ್ನೆ ಒಂದು ಹೆಸರು, ಗೀತಮ್ಮ ಅಂದೆ. ಅಂಥೋರಿಲ್ಲ ಅಂದ.”

ಚಿಕ್ಕಬಸಪ್ಪ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. “ನಮ್ಮನೆ ಆಳು ಊರಿಗೆಲ್ಲ ಹಿಂಗೆ ಹೇಳ್ತಾನೇನು?”

“ಕೇಳ್ದೋರಿಗೆಲ್ಲ ಹೇಳ್ತಾನೆ ಸಾವ್ಕಾರ್ರೆ. ಹೆಸರು ಸಿಕ್ತು. ಇನ್ನು ಪಾಸ್‌ವರ್ಡು.” ಪೆದ್ದಣ್ಣ ಅಮರೇಶನ ಕಡೆ ತಿರುಗಿದ. “ನೇಕಾರರಿಗೆ ಪಾಸ್‌ವರ್ಡು ಹಾಕಿಕೊಟ್ಟೋರು ಯಾರಪ್ಪ?”

“ನಾನೇ. ಮರೀತಾರೆ ನನ್ಮಕ್ಳು. ಅದಕ್ಕೇ ಅವರವರ ಮಗ್ಗದ ನಂಬರೇ ಹಾಕ್ಕೊಟ್ಟೆ.”

“ಮಗ್ಗದ ನಂಬರು ಎಲ್ಲಿ ಬರ್ದಿರ್ತಾರೆ?”

ಅಮರೇಶ ಬೀದಿಯ ಕಡೆ ನೋಡಿದ. ಮಗ್ಗ ಎಣಿಸಲು ಬಂದವರು ಪ್ರತಿ ಮನೆಯ ಬಾಗಿಲ ಮೇಲೂ ಅಂಗೈ ಅಗಲದ ಅಕ್ಷರದಲ್ಲಿ ಬರೆದು ಹೋಗಿದ್ದ ನಂಬರು ಅದು. ಬೀದಿಯಲ್ಲಿ ಸೊಪ್ಪು ಮಾರುವವಳಿಗೂ ಕಾಣುತ್ತಿತ್ತು.

“ಕೇಳವ್ವ, ಓಬಳೇಶನ ಬಾಗಿಲ ಮ್ಯಾಲೆ,” ಅಂತ ಪೆದ್ದಣ್ಣ ಕನ್ನಡಕ ಏರಿಸಿ, ಬರೆದು ತಂದಿದ್ದ ಚೀಟಿ ಬಿಡಿಸತೊಡಗಿದ.

“ಒಳಗೆ ಬಂದೆ ತಾತ,” ಅಂದಳು ದಿವ್ಯಾ.

ಪರದೆಯ ಮೇಲೆ ಓಬಳೇಶನ ಹೆಸರು ಮೂಡಿತ್ತು.

ಚೀಟಿ ಇನ್ನೂ ಪೆದ್ದಣ್ಣನ ಬೆರಳ ನಡುವೆ ಅರ್ಧ ಮಡಿಸಿಕೊಂಡೇ ಇತ್ತು. ಅವನು ನಂಬರು ಹೇಳಿರಲಿಲ್ಲ. ಪಾಲಮ್ಮನ ಮನೆಗೆ ಹೋಗಿ ಬಂದು ಮಾಡುವ ಹುಡುಗಿ, ಬಾಗಿಲ ಮೇಲೆ ನೋಡಿರುತ್ತಾಳೆ ಅಂತ ತನಗೆ ತಾನೇ ಹೇಳಿಕೊಂಡ. ಚೀಟಿ ಜೇಬಿಗೆ ಹಾಕಿದ.

ಬೇರೆ ಯಾರೂ ಅದನ್ನು ಗಮನಿಸಲಿಲ್ಲ. ಚಿಕ್ಕಬಸಪ್ಪ ಮಗನನ್ನೇ ನೋಡುತ್ತಿದ್ದ.

“ಮೂವತ್ತು ವರ್ಷದಿಂದ ಒಂದು ಅಂಚನ್ನ ಹೆಂಡ್ತಿಗೂ ತೋರಿಸ್ದಂಗೆ ಕಾದೀನಿ,” ಅಂದ ಮೆಲ್ಲಗೆ. “ನೀನು ಬೀಗದ ಕೈ ಬೀದೀಲಿ ನೇತಾಕಿ ಬಂದೀಯ. ನಿಮ್ಮವ್ವ ನಿನ್ನ ಹೆರೋ ಬದ್ಲು ಒಂದು ಎಮ್ಮೆ ಕಟ್ಟಿದ್ರೆ ಹಾಲಾದ್ರೂ ಕರೀತಿತ್ತು.”

ಅಮರೇಶನ ಮುಖ ಕೆಂಪಾಯಿತು. “ಯಾರು ಬೇಕಾದ್ರೂ ಬರ್ಬೋದಿತ್ತು ಅಂದ್ರೆ ಇವ್ನು ಬಂದಿಲ್ಲ ಅಂತಾಯ್ತೇನು? ಆವತ್ತು ಕೋಣೆಗೆ ಬೀಗ ಇತ್ತು, ಬೀಗದ ಕೈ ಅಪ್ಪನ ಸೊಂಟದಾಗಿತ್ತು. ಇವನೇ ಯಾವ್ದೋ ಊರಿಂದ ಫೋನಿನಾಗೆ ಬಂದಾನೆ.”

“ಯಾವ್ದೋ ಊರಿಂದ ಆಗಲ್ಲ,” ಅಂದ ಪೆದ್ದಣ್ಣ.

ಆ ಭಾನುವಾರ ಬಿ.ಜಿ. ಕೆರೆಯ ಹತ್ತಿರ ರಸ್ತೆ ಅಗೆಯುವವರು ಕೇಬಲ್ಲು ಕಡಿದಿದ್ದರು. ಬೆಳಗಿನ ಎಂಟರಿಂದಲೇ ಮೊಳಕಾಲ್ಮೂರಿನಿಂದ ಹೊರಗಿನ ಯಾವ ಊರಿಗೂ ಫೋನು ಹೋಗುತ್ತಿರಲಿಲ್ಲ, ಬರುತ್ತಿರಲಿಲ್ಲ. ಹಳೆಯ ಕೇಬಲ್ಲಿನ ಜೋಡಣೆ ಹೊಸಬರಿಗೆ ತಿಳಿಯದೆ, ಕೆಲಸ ಬಿಟ್ಟು ಎರಡು ವರ್ಷವಾಗಿದ್ದ ಪೆದ್ದಣ್ಣನನ್ನೇ ಜೀಪು ಕಳಿಸಿ ಕರೆಸಿದ್ದರು. ಸಂಜೆ ಐದರವರೆಗೆ ಗುಂಡಿಯಲ್ಲಿ ಕೂತು ಎಳೆ ಎಳೆ ಜೋಡಿಸಿದ್ದ. ಸುಸ್ತಾಗಿ ಮನೆಗೆ ಬಂದು, ದಿವ್ಯಾ ಮಾಡಿಟ್ಟು ಹೋಗಿದ್ದ ಮುದ್ದೆ ಉಂಡು, ಎಡಕ್ಕೆ ಸುತ್ತಿಕೊಂಡಿದ್ದ ಫೋನಿನ ವೈರು ಬಿಚ್ಚಿ ಬಲಕ್ಕೆ ಸುತ್ತಿ ಮಲಗಿದ್ದ. ವೈರನ್ನು ಬಲಕ್ಕೇ ಸುತ್ತಬೇಕು ಅನ್ನುವುದು ಲೈನ್‌ಮ್ಯಾನಿನ ಚಾಳಿ.

“ಲೈನು ಸತ್ತಿತ್ತು. ಹನ್ನೊಂದು ಇಪ್ಪತ್ತಕ್ಕೆ ಬಂದೋನು ಇದೇ ಊರಾಗೆ ಕೂತ್ಕಂಡು ಬಂದಾನೆ,” ಅಂದ. “ಓಬಳೇಶನ ಮನ್ಯಾಗೆ ಫೋನಿಲ್ಲ, ಕಂಪ್ಯೂಟರೂ ಇಲ್ಲ. ಎರಡೂ ಇರೋ ಮನೆ ಈ ಊರಾಗೆ ಎಷ್ಟೈತೆ? ಅಮರೇಶಪ್ಪ, ನೀವು ಆವತ್ತು ಎಲ್ಲಿದ್ರಿ?”

“ಚಳ್ಳಕೆರೆ ಮಿಲ್ಲಾಗೆ.”

“ಹೂವಿನ ಕೆಂಚಕ್ಕ ಆವತ್ತು ಬೆಳಿಗ್ಗೆ ಎರಡು ಮಾರು ಸೇವಂತಿಗೆ ನಿಮ್ ಕೈಗೇ ಕೊಟ್ಟೆ ಅಂತಾಳೆ. ಇಲ್ಲೇ, ಈ ಬಾಗಿಲಾಗೆ.”

“ಹೂ ಮಾರೋಳ ಮಾತು ಕಟ್ಕಂಡು,” ಅಂತ ಎದ್ದ ಅಮರೇಶ.

“ಕೂತ್ಕ,” ಅಂದ ಚಿಕ್ಕಬಸಪ್ಪ. ಅಮರೇಶ ಕೂತ.

ಆಗ ಪೆದ್ದಣ್ಣನ ಕಣ್ಣಿಗೆ ಅದು ಬಿತ್ತು. ಮೇಜಿನ ತುದಿಯಲ್ಲಿ, ಕಂಪ್ಯೂಟರಿಗೆ ಮುಚ್ಚುವ ಬಟ್ಟೆಯನ್ನು ಮುದ್ದೆ ಮಾಡಿ ಇಟ್ಟಿದ್ದರು. ಬಟ್ಟೆಯ ಕೆಳಗೆ ಒಂದು ಕೆಂಪು ದೀಪ ಮಿಣುಕುತ್ತಿತ್ತು.

ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಡಬ್ಬಿ. ಯಾರು ಫೋನು ಮಾಡಿದರು ಅಂತ ನಂಬರು ತೋರಿಸುವುದು, ದಿನ ಗಂಟೆ ಸಮೇತ ನೆನಪಿಟ್ಟುಕೊಳ್ಳುವುದು. ಕೆಲಸದ ಕೊನೆಯ ವರ್ಷ ಪೆದ್ದಣ್ಣನೇ ಎರಡನೆಯ ಲೈನಿಗೆ ಅದನ್ನು ಕೂರಿಸಿ ಹೋಗಿದ್ದ. ಕಂಪ್ಯೂಟರಿಗೆ ಬರುವ ಕರೆಯನ್ನು ನೋಡುವವರು ಯಾರೂ ಇರಲಿಲ್ಲವಾದ್ದರಿಂದ ಮನೆಯವರು ಅದನ್ನು ಮರೆತೇಬಿಟ್ಟಿದ್ದರು. ಈಗ ದಿವ್ಯಾಳ ಕರೆ ಬಂದು ಅದರ ದೀಪ ಹತ್ತಿತ್ತು.

ಅವನು ಬಟ್ಟೆ ಸರಿಸಿದ.

“ಅದು ಕೆಟ್ಟೋಗೈತೆ,” ಅಂದ ಅಮರೇಶ ತಟ್ಟನೆ.

“ಕೆಟ್ಟಿದ್ರೆ ದೀಪ ಹತ್ತಲ್ಲಪ್ಪ.” ಪೆದ್ದಣ್ಣ ಡಬ್ಬಿಯನ್ನು ಅಂಗೈಗೆ ತೆಗೆದುಕೊಂಡ. ಮೂವತ್ತೆಂಟು ವರ್ಷದ ತಾಳ್ಮೆ ಅವನ ಬೆರಳಲ್ಲಿತ್ತು. ಗುಂಡಿ ಒತ್ತಲಿಲ್ಲ. “ಸಾವ್ಕಾರ್ರೆ, ಆವತ್ತು ಬಂದೋನ ನಂಬರು ಇದರಾಗೈತೆ. ಓದೋಕೆ ಮುಂಚೆ ಒಂದು ಮಾತು ಬೇಕು. ಓಬಳೇಶನಿಗೆ ಮಾಡಿದ್ದೇ ನ್ಯಾಯ ತಾನೆ ಎಲ್ಲಾರ್ಗೂ? ನಿಮ್ ಮನೆ ನಂಬರೇ ಬಂದ್ರೆ?”

ಚಿಕ್ಕಬಸಪ್ಪ ಅಂಗಿಯೊಳಗೆ ಕೈ ಹಾಕಿ ಎದೆಯ ಮೇಲಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದ. “ಯಾರ ನಂಬರು ಬಂದ್ರೂ, ಫೋನು ಒತ್ತಿದ ಕೈ ಅದೇ ಹಲಗೆ ಕೆಳಗೆ ಹೋಗ್ತೈತೆ. ನನ್ ಮಗನದಾದ್ರೂ ಸೈ. ಹೆಣ್ಣಾದ್ರೂ ಸೈ, ಗಂಡಾದ್ರೂ ಸೈ. ಇವ್ನನ್ನ ನಾನೇ ಮನೆಗೆ ಬಿಟ್ಟು ಬರ್ತೀನಿ. ಸಾಕಾ?”

“ಸಾಕು,” ಅಂದ ಪೆದ್ದಣ್ಣ.

“ಬ್ಯಾಡ ದೊಡ್ಡಪ್ಪ.”

ಅಂದವನು ಓಬಳೇಶ. ಎರಡು ದಿನದಿಂದ ಅವನು ಅಷ್ಟು ಗಟ್ಟಿಯಾಗಿ ಮಾತಾಡಿರಲಿಲ್ಲ. ಗೋಡೆ ಹಿಡಿದು ಎದ್ದು ನಿಂತಿದ್ದ. “ಅದನ್ನ ಕೆಳಗಿಡು. ಕಾಗದ ಕೊಡ್ರಿ ಸಾವ್ಕಾರ್ರೆ. ರುಜು ಹಾಕ್ತೀನಿ. ಎಡಗೈಲಿ ಹಾಕ್ತೀನಿ.”

“ಲೇ, ಹುಚ್ಚೇನ್ಲಾ ನಿಂಗೆ?” ಅಂತ ಪಾಲಮ್ಮ ಅವನ ಪಂಚೆ ಹಿಡಿದು ಎಳೆದಳು. “ನೀನು ಮಾಡ್ದೇ ಇದ್ದದ್ದಕ್ಕೆ ಯಾಕೆ ರುಜು ಹಾಕ್ತೀಯ? ಓದಣ್ಣ, ನೀನು ಓದು.”

ಪೆದ್ದಣ್ಣ ಗುಂಡಿ ಒತ್ತಿದ. ಇವತ್ತಿನ ಕರೆ, ದಿವ್ಯಾಳ ಅಂಗಡಿಯದು. ಇನ್ನೊಮ್ಮೆ ಒತ್ತಿದ. ಎಣ್ಣೆ ಮಿಲ್ಲಿನ ನಂಬರು. ಮತ್ತೆ ಮಿಲ್ಲು. ಮತ್ತೆ ಮಿಲ್ಲು.

ಇಪ್ಪತ್ಮೂರನೇ ತಾರೀಕು, ಹನ್ನೊಂದನೇ ತಿಂಗಳು. ಹನ್ನೊಂದು ಗಂಟೆ ಹದಿನೆಂಟು ನಿಮಿಷ.

ಅದರ ಕೆಳಗೆ ಆರು ಅಂಕೆ.

ಪೆದ್ದಣ್ಣ ಕನ್ನಡಕ ತೆಗೆದ. ಅಂಗಿಯ ತುದಿಯಲ್ಲಿ ಒರೆಸಿದ. ಹಾಕಿಕೊಂಡು ಮತ್ತೆ ನೋಡಿದ. ಅಂಕೆಗಳು ಬದಲಾಗಿರಲಿಲ್ಲ.

ಅದು ಅವನ ಮನೆಯ ನಂಬರು.

ಎಡಕ್ಕೆ ಸುತ್ತಿದ್ದ ವೈರು. ಹೆಗಲ ಚೀಲದ ಲ್ಯಾಪ್‌ಟಾಪು. ಹೇಳುವ ಮೊದಲೇ ತೆರೆದ ಬಾಗಿಲು. ಆ ದಿನ ಅವನು ಗುಂಡಿಯಲ್ಲಿ ಕೂತು ಊರಿನ ಲೈನಿಗೆ ಜೀವ ಕೊಡುತ್ತಿದ್ದಾಗ ಅವನ ಮನೆಯಲ್ಲಿ ಇದ್ದವಳು ಒಬ್ಬಳೇ.

“ತಾತ,” ಅಂದಿತು ಸ್ಪೀಕರು. ದನಿ ಸಣ್ಣಗಾಗಿತ್ತು. “ತಾತ, ಕೇಳಿಸ್ತೈತಾ? ನಾನು ತಟ್ಟಿದ್ದಷ್ಟೇ. ಕಲಿಯಾಕೆ. ತೆಗೀತೈತಾ ಅಂತ ನೋಡಿ ಬಂದೆ. ಏನೂ ತಗಂಡಿಲ್ಲ. ನಿನ್ನಾಣೆ ತಾತ.”

ಪೆದ್ದಣ್ಣ ಫೋನಿನ ಮೇಲೆ ಕೈ ಇಟ್ಟು ಸ್ಪೀಕರ್ ಆರಿಸಿದ. ಆರಿಸಿದ್ದು ತಡವಾಗಿತ್ತೋ ಏನೋ. ಚಿಕ್ಕಬಸಪ್ಪನ ಹುಬ್ಬು ಸ್ವಲ್ಪ ಮೇಲೆ ಹೋಗಿತ್ತು.

“ಹುಡುಗಿ ಏನೋ ಅಂತಲ್ಲ?”

“ಈಗ ತಟ್ಟಿದ್ದರ ಮಾತು,” ಅಂದ ಪೆದ್ದಣ್ಣ. ತನ್ನ ದನಿ ತನಗೇ ಬೇರೆಯವರದು ಅನ್ನಿಸಿತು. ಕಣ್ಣೆತ್ತಿ ಓಬಳೇಶನನ್ನು ನೋಡಿದ. ಓಬಳೇಶ ಅವನನ್ನೇ ನೋಡುತ್ತಿದ್ದ. ತಲೆಯನ್ನು ಒಂದೇ ಒಂದು ಸಲ ಅಡ್ಡಡ್ಡ ಆಡಿಸಿದ.

ಅವಳೇ ಹೇಳಿರಬೇಕು, ಇವನಿಗೆ ಮೊದಲಿನಿಂದ ಗೊತ್ತು. ಹಲಗೆ ಬೆರಳ ಮೇಲೆ ಬೀಳುವಾಗಲೂ ಗೊತ್ತಿತ್ತು.

“ಯಾಕೆ, ಅಂಕೆ ಕಾಣ್ತಿಲ್ವಾ?” ಅಮರೇಶ ಮತ್ತೆ ಕಾಲು ಅಲ್ಲಾಡಿಸತೊಡಗಿದ್ದ. “ಓದಪ್ಪ ಮುದುಕಪ್ಪ. ನಮ್ ಮನೇದಾದ್ರೆ ಇಷ್ಟೊತ್ತಿಗೆ ಕೂಗ್ತಿದ್ದೆ ನೀನು.”

“ಓದು ಪೆದ್ದಣ್ಣ,” ಅಂದ ಚಿಕ್ಕಬಸಪ್ಪ. ಜೇಬಿನಿಂದ ಪೆನ್ನು ತೆಗೆದು, ರುಜು ಹಾಕಿಸಲು ಇಟ್ಟಿದ್ದ ಕಾಗದವನ್ನೇ ತಿರುಗಿಸಿಕೊಂಡ. “ಬರ್ಕಂತೀನಿ.”

ಕೇರಿಗೆಲ್ಲ ಒಂದೇ ಫೋನು ಅದು. ಊರ ಕಡೆಯ ನೆಂಟರಿಗೆ ನಂಬರು ಕೊಡಬೇಕಾದವರೆಲ್ಲ ಪೆದ್ದಣ್ಣನ ಮನೆಯದನ್ನೇ ಕೊಡುತ್ತಿದ್ದರು. ನಂಬರು ಓದಿ ಸುಮ್ಮನಾದರೆ, ಕೇರಿಯ ಫೋನಿಗೆ ಬಂದು ಮಾಡಿದವನು ಓಬಳೇಶನೇ ಅನ್ನುತ್ತಾರೆ. ಅವನನ್ನು ಉಳಿಸಬೇಕಾದರೆ ಆ ದಿನ ಮನೆಯಲ್ಲಿ ಯಾರಿದ್ದರು ಅಂತ ಬಾಯಿಬಿಟ್ಟು ಹೇಳಬೇಕು. ಹೇಳಿದರೆ ಹಲಗೆಯ ಕೆಳಗೆ ಹೋಗುವ ಕೈ, ಮೂರು ವರ್ಷದಿಂದ ಅವನ ಕಿರುಬೆರಳು ಹಿಡಿದು ಬೆಳೆದ ಕೈ.

ಅದಕ್ಕೆ ಮಾತು ತೆಗೆದುಕೊಂಡವನು ಅವನೇ.

ಗಡಿಯಾರ ನಾಲ್ಕೂ ನಲವತ್ತು ತೋರಿಸುತ್ತಿತ್ತು.

“ಎರಡು,” ಅಂದ ಪೆದ್ದಣ್ಣ. “ಎರಡು. ಒಂಬತ್ತು.”

ಚಿಕ್ಕಬಸಪ್ಪ ಬರೆದುಕೊಂಡ. ಊರಿನ ಎಲ್ಲ ನಂಬರೂ ಶುರುವಾಗುವುದು ಹಾಗೇ.

“ನಾಲ್ಕು.”

ಹೆಬ್ಬೆರಳು ಡಬ್ಬಿಯ ಮೇಲೆ ಸರಿದು ಅಳಿಸುವ ಗುಂಡಿಯ ಹತ್ತಿರ ನಿಂತಿತು.

“ಮುಂದೆ?” ಅಂದ ಚಿಕ್ಕಬಸಪ್ಪ, ಪೆನ್ನು ಎತ್ತದೆ.

ಪಾಲಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಎಷ್ಟೋ ಕಾಲದಿಂದ ತವರಿನವರಿಗೆ, ಬೀಗರಿಗೆ, ಆಸ್ಪತ್ರೆಯವರಿಗೆ ಬಾಯಲ್ಲೇ ಹೇಳಿಕೊಂಡು ಬಂದಿದ್ದ ನಂಬರು ಒಂದಿತ್ತು. ಅವಳು ಮಗನ ಮುರಿದ ಕೈಯನ್ನು ಬಿಟ್ಟು ನಿಧಾನವಾಗಿ ತಲೆ ಎತ್ತಿದಳು. ಪೆದ್ದಣ್ಣನ ಮುಖ ನೋಡಿದಳು. ಅವನು ನಿಲ್ಲಿಸಿದ ಜಾಗ ಅವಳಿಗೆ ಗೊತ್ತಾಯಿತು. ಅಲ್ಲಿಂದ ಮುಂದಿನ ಎರಡು ಅಂಕೆಯೂ ಗೊತ್ತಿತ್ತು.

ಪಾಲಮ್ಮ ಬಾಯಿ ತೆರೆದಳು.